ಬೆಲ್ಟು, ಹೋಲ್‌ಸ್ಟರಿಗೆ ಎಷ್ಟು ದಪ್ಪದ ಚರ್ಮ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈನ ಧಾರಾವಿಯಿಂದ ಚರ್ಮ ತಂದು ಡೊಂಬಿವಲಿಯ ಬಾಲ್ಕನಿಯಲ್ಲೋ ಪುಣೆಯ ಫ್ಲ್ಯಾಟಿನಲ್ಲೋ ಕೂತು ಬೆಲ್ಟು, ಹೋಲ್‌ಸ್ಟರುಗಳಿಗೆ (ಪಿಸ್ತೂಲಿನ ಚರ್ಮದ ಒರೆ) ಕೈಹೊಲಿಗೆ ಹಾಕುವವರಿಗಾಗಿ ಈ ಪುಟ. ಅಳತೆಗಳೆಲ್ಲ ಮಿಲಿಮೀಟರಿನಲ್ಲಿವೆ. ಬೇರೆ ಲೆಕ್ಕ ಬಂದಲ್ಲಿ ಅಲ್ಲೇ ಹೇಳಿದೆ.

ಸುತ್ತುಬಳಸು ಬೇಡ, ಯಾವುದಕ್ಕೆ ಎಷ್ಟು ದಪ್ಪ?

ಆಫೀಸಿಗೆ ಕಟ್ಟುವ 32 ಮಿ.ಮೀ ಅಗಲದ ಬೆಲ್ಟಿಗೆ 3ರಿಂದ 3.5 ಮಿ.ಮೀ. ಜೀನ್ಸಿಗೆ ಕಟ್ಟುವ 38 ಮಿ.ಮೀ ಅಗಲದ್ದಕ್ಕೆ 3.5ರಿಂದ 4. ಪಿಸ್ತೂಲು, ಇಕ್ಕಳ, ವಾಕಿಟಾಕಿ ಎಂದು ಭಾರ ಹೊರುವ ಬೆಲ್ಟಿಗೆ ಒಟ್ಟು 4.8ರಿಂದ 5.5. ಸಣ್ಣ ಪಿಸ್ತೂಲಿನ ಹೋಲ್‌ಸ್ಟರಿಗೆ 2.8ರಿಂದ 3.2, ಸಾಧಾರಣ ಗಾತ್ರದ್ದಕ್ಕೆ 3.2ರಿಂದ 3.6, ಉದ್ದ ನಳಿಕೆಯ ರಿವಾಲ್ವರಿಗೆ 3.6ರಿಂದ 4. ಪ್ಯಾಂಟಿನೊಳಗೆ ಸಿಕ್ಕಿಸುವಂಥದ್ದಾದರೆ 2.4ರಿಂದ 2.8 ಸಾಕು, ಬಾಯಿಗೆ ಮಾತ್ರ ಇನ್ನೊಂದು ಪದರ ಕೊಡಬೇಕು. ಟಿಚ್ ಬಟನ್ ಪಟ್ಟಿಗೆ 1.6ರಿಂದ 2. ಒಳಗೆ ಅಸ್ತರು ಕೊಡುವುದಿದ್ದರೆ ಅದಕ್ಕೆ 0.8ರಿಂದ 1.2.

ಇವೆಲ್ಲ ವೆಜ್ ಟ್ಯಾನ್, ಅಂದರೆ ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ಚರ್ಮಕ್ಕೆ. ಬ್ಯಾಗು, ಜಾಕೆಟ್ಟಿಗೆ ಬರುವ ಮೆತ್ತನೆಯ ಕ್ರೋಮ್ (ಕ್ರೋಮಿಯಂ ಲವಣದಲ್ಲಿ ಹದ ಮಾಡಿದ) ಚರ್ಮಕ್ಕೆ ಈ ಅಂಕಿಗಳನ್ನು ಹಚ್ಚಬೇಡಿ. ಅದು 4 ಮಿ.ಮೀ ಇದ್ದರೂ ಹೋಲ್‌ಸ್ಟರಿನ ಆಕಾರ ಹಿಡಿಯುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂಗಡಿಯಲ್ಲಿ ನಾವು ಕೇಳುವುದು ಒಂದು ಪದರದ ದಪ್ಪ. ಕೆಲಸ ಕೆಡುವುದು ಹೊಲಿಗೆಯ ಸಾಲಿನಲ್ಲಿ, ಬಕಲಿನ ಮಡಿಕೆಯಲ್ಲಿ, ಬಟನ್ನಿನ ಕೆಳಗೆ ಸೇರಿಕೊಳ್ಳುವ ಒಟ್ಟು ದಪ್ಪದಿಂದ. ಕೆಳಗಿನ ಅರ್ಧಕ್ಕರ್ಧ ಉತ್ತರಗಳು ಇದರ ಸುತ್ತಲೇ ಇವೆ.

ಯೂಟ್ಯೂಬಿನಲ್ಲಿ "8–9 ಔನ್ಸ್" ಎನ್ನುತ್ತಾರೆ. ಅದು ಎಷ್ಟು?

1 ಔನ್ಸ್ ಅಂದರೆ ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿ.ಮೀ. ಔನ್ಸನ್ನು 0.4ರಿಂದ ಗುಣಿಸಿ, ಮುಗಿಯಿತು. 8–9 ಎಂದರೆ 3.2ರಿಂದ 3.6, 4–5 ಎಂದರೆ 1.6ರಿಂದ 2. ಇಲ್ಲಿನ ಅಂಗಡಿಗಳಲ್ಲಿ ಔನ್ಸ್ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ, ಮಿಲಿಮೀಟರಿನಲ್ಲೇ ಕೇಳಿ. ಅಟ್ಟೆ ಚರ್ಮಕ್ಕೆ "ಐರನ್" ಎಂಬ ಇನ್ನೊಂದು ಹಳೆಯ ಲೆಕ್ಕವಿದೆ: 1 ಐರನ್ ಎಂದರೆ ಇಂಚಿನ 48ನೇ ಒಂದು ಭಾಗ, 0.53 ಮಿ.ಮೀ. ಬೆಲ್ಟಿನವರಿಗೆ ಅದರ ಗೊಡವೆ ಬೇಡ.

ಅಂಗಡಿಯವರು 4 ಎಂದರು, ಮನೆಯಲ್ಲಿ ಅಳೆದರೆ 3.4 ಬಂತು. ಮೋಸವೇ?

ಹೆಚ್ಚಿನ ಸಲ ಅಲ್ಲ. ಒಂದೇ ತೊಗಲಿನಲ್ಲಿ ಬಾಲದ ಕಡೆಯ ಬೆನ್ನು ಎಲ್ಲಕ್ಕಿಂತ ದಪ್ಪ, ಹೊಟ್ಟೆಯ ಅಂಚು ತೆಳು. ಯಂತ್ರದಲ್ಲಿ ಸಮ ಮಾಡಿಸದ ತೊಗಲಿನಲ್ಲಿ ಇವೆರಡರ ನಡುವೆ 1 ಮಿ.ಮೀಗೂ ಹೆಚ್ಚು ವ್ಯತ್ಯಾಸ ಬರುವುದು ಸಾಮಾನ್ಯ. ಅಂಗಡಿಯವರು ಹೇಳುವುದು ಬೆನ್ನಿನ ಅಳತೆ.

ಎರಡನೆಯದು ಅಳೆಯುವ ರೀತಿ. ವರ್ನಿಯರ್ ಕ್ಯಾಲಿಪರಿನ ಚೂಪು ದವಡೆ ಚರ್ಮಕ್ಕೆ ಊರಿಕೊಂಡು ಅಳತೆ ಕಡಿಮೆ ತೋರಿಸುತ್ತದೆ. ಚರ್ಮಕ್ಕೆ ಬೇಕಾದದ್ದು ಚಪ್ಪಟೆ ಪಾದವಿರುವ ಡಯಲ್ ಗೇಜ್. ಐಎಸ್‌ಓ 2589 ಎಂಬ ಮಾನದಂಡ ಹೇಳುವುದು ಇಷ್ಟು: ಪಾದದ ವ್ಯಾಸ 10 ಮಿ.ಮೀ, ಅದರ ಮೇಲೆ ಚದರ ಸೆಂಟಿಮೀಟರಿಗೆ 500 ಗ್ರಾಂ ಲೆಕ್ಕದ ಭಾರ, ಪಾದ ಇಳಿಸಿ 5 ಸೆಕೆಂಡು ಬಿಟ್ಟು ಓದಬೇಕು. ಮನೆಯ ಗೇಜಿನಲ್ಲಿ ಇಷ್ಟು ಕಟ್ಟುನಿಟ್ಟು ಆಗಲಿಕ್ಕಿಲ್ಲ. ಆದರೂ ಪ್ರತಿ ಸಲ ಒಂದೇ ರೀತಿ ಇಳಿಸಿ, ಒಂದೇ ಹೊತ್ತು ಕಾದು ಓದಿದರೆ ಹೋಲಿಕೆಗೆ ಸಾಕಾಗುತ್ತದೆ. ಬೆಲ್ಟಿನ ಪಟ್ಟಿಯನ್ನು ಎರಡೂ ತುದಿ, ನಡು, ಹೀಗೆ ಮೂರು ಕಡೆ ಅಳೆಯಿರಿ. 0.3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ದಪ್ಪದ ತುದಿಯನ್ನು ಬಕಲಿಗೆ ಇಟ್ಟುಕೊಳ್ಳಿ, ಅಲ್ಲಿ ಹೇಗೂ ಕೆರೆದು ತೆಳು ಮಾಡುವುದಿದೆ.

ಗೇಜ್ ಇಲ್ಲದೆ ಅಂಗಡಿಗೆ ಹೋಗುವವರು ಜೆರಾಕ್ಸ್ ಕಾಗದ ಒಯ್ಯಬಹುದು. 80 ಜಿಎಸ್‌ಎಂ ಕಾಗದ ಹಾಳೆಗೆ ಸುಮಾರು 0.1 ಮಿ.ಮೀ. 35 ಹಾಳೆ ಪಿನ್ ಹೊಡೆದು ಜೇಬಿನಲ್ಲಿಟ್ಟುಕೊಂಡರೆ 3.5 ಮಿ.ಮೀ ಪಕ್ಕದಲ್ಲಿ ಹಿಡಿದು ನೋಡಲು ಸಿಗುತ್ತದೆ. ಅಂಚು ಕತ್ತರಿಸಿದ ಕಡೆ ಹಿಡಿಯಿರಿ, ಮುದುಡಿದ ಕಡೆ ಅಲ್ಲ.

ಧಾರಾವಿಯಲ್ಲಿ ಏನೆಂದು ಕೇಳಬೇಕು?

ಅಲ್ಲಿ ರಸ್ತೆ ಬದಿಗೆ ಕಣ್ಣಿಗೆ ಬೀಳುವವು ಹೆಚ್ಚಾಗಿ ಸಿದ್ಧ ಮಾಲಿನ ಅಂಗಡಿಗಳು: ಜಾಕೆಟು, ಪರ್ಸು, ಬ್ಯಾಗು. ಬರೀ ಚರ್ಮ ಬೇಕಾದವರು ಒಳಗಲ್ಲಿಗಳಿಗೆ ಇಳಿಯಬೇಕು. ಬರೀ "ಬೆಲ್ಟ್ ಲೆದರ್" ಎಂದು ಕೇಳಿದರೆ ಮೇಲೆ ಬಣ್ಣ, ಪಾಲಿಶ್ ಬಳಿದ ಕ್ರೋಮ್ ಚರ್ಮ ಕೊಟ್ಟಾರು. "ಹಾರ್ನೆಸ್" ಅಥವಾ "ವೆಜ್ ಟ್ಯಾನ್, ನ್ಯಾಚುರಲ್" ಎಂದು ಹೇಳಿ, ದಪ್ಪ ಹೇಳಿ, ಬೆನ್ನಿನ ಭಾಗವೇ ಬೇಕು ಎಂದೂ ಹೇಳಿ. ಕುದುರೆ ಜೀನಿಗೆ ಹೆಸರಾದ ಕಾನ್ಪುರದ ಹಾರ್ನೆಸ್ ಚರ್ಮ ಬೆಲ್ಟಿಗೂ ಹೋಲ್‌ಸ್ಟರಿಗೂ ಒಗ್ಗುತ್ತದೆ.

ಕೊಟ್ಟದ್ದು ವೆಜ್ ಟ್ಯಾನ್ ಹೌದೋ ಅಲ್ಲವೋ ಎಂದು ನಿಂತಲ್ಲೇ ನೋಡಬಹುದು. ಕತ್ತರಿಸಿದ ಅಂಚಿನ ನಡುಭಾಗ ನಸುಗಂದು ಇದ್ದರೆ ವೆಜ್, ನೀಲಿ ಮಿಶ್ರಿತ ಬೂದು ಇದ್ದರೆ ಕ್ರೋಮ್. ಬಣ್ಣ ಹಾಕದ ಮೈಗೆ ಒಂದು ಹನಿ ನೀರು ಬಿಟ್ಟರೆ ವೆಜ್ ಟ್ಯಾನ್ ಬೇಗ ಹೀರಿಕೊಂಡು ಕಪ್ಪಗಾಗುತ್ತದೆ. ಅನುಮಾನ ಉಳಿದರೆ ಒಂದು ಚೂರು ಮನೆಗೆ ತಂದು ಕುದಿಯುವ ನೀರಿಗೆ ಹಾಕಿ. ವೆಜ್ ಟ್ಯಾನ್ ಮುರುಟಿ ಕುಗ್ಗುತ್ತದೆ, ಒಳ್ಳೆಯ ಕ್ರೋಮ್ ಹಾಗೇ ಇರುತ್ತದೆ.

ಎಷ್ಟು ತರಬೇಕು ಎನ್ನುವುದಕ್ಕೆ ಒಂದು ಲೆಕ್ಕ: 120 ಸೆಂ.ಮೀ ಉದ್ದ, 4 ಸೆಂ.ಮೀ ಅಗಲದ ಪಟ್ಟಿ 480 ಚದರ ಸೆಂ.ಮೀ, ಅಂದರೆ ಅರ್ಧ ಚದರ ಅಡಿಗಿಂತ ತುಸು ಹೆಚ್ಚು. ಆದರೆ ಆ 120 ಸೆಂ.ಮೀ ಬೆನ್ನಿನ ಉದ್ದಕ್ಕೆ ಒಂದೇ ಬೀಸಿನಲ್ಲಿ ಸಿಗಬೇಕು, ಹಾಗಾಗಿ ತುಂಡು ಮಾಲಿನ ರಾಶಿಯಲ್ಲಿ ಬೆಲ್ಟು ಹುಡುಕುವುದು ದಂಡ. ಹೋಲ್‌ಸ್ಟರಿಗೆ ತುಂಡು ಮಾಲು ಧಾರಾಳವಾಗಿ ನಡೆಯುತ್ತದೆ: 30 × 40 ಸೆಂ.ಮೀ, ಸುಮಾರು 1.3 ಚದರ ಅಡಿ.

ಸಿಗುವುದೆಲ್ಲ ಎಮ್ಮೆ ಚರ್ಮ. ದಪ್ಪ ಬದಲಿಸಬೇಕೇ?

ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿಗಳ ವಧೆಗೂ ನಿಷೇಧವಿದೆ. ಇಲ್ಲಿ ದಪ್ಪ ಚರ್ಮ ಎಂದರೆ ಬಹುಪಾಲು ಎಮ್ಮೆ, ಕೋಣದ್ದೇ. ದನದ ಚರ್ಮಕ್ಕೆ ಹೋಲಿಸಿದರೆ ಎಮ್ಮೆಯದು ದಪ್ಪ, ಮೇಲ್ಮೈ ದೊರಗು, ನಾರಿನ ಹೆಣಿಗೆ ಸ್ವಲ್ಪ ಸಡಿಲ. ಹೀಗಾಗಿ ಅಷ್ಟೇ ಬಿಗಿ ಬೇಕೆಂದರೆ ದಪ್ಪವನ್ನು 0.3ರಿಂದ 0.4 ಏರಿಸುವುದು ವಾಡಿಕೆ. 3.2ರ ಜಾಗದಲ್ಲಿ 3.6. ಪಿಸ್ತೂಲಿನ ಸಣ್ಣ ಏರು ತಗ್ಗುಗಳು ದನದ ಚರ್ಮದಲ್ಲಿ ಮೂಡಿದಷ್ಟು ಚೂಪಾಗಿ ಇದರಲ್ಲಿ ಮೂಡುವುದಿಲ್ಲ. ಅದಕ್ಕೆ ಬೇಸರಪಡುವಂಥದ್ದೇನಿಲ್ಲ, ಹಿಡಿತ ಚೆನ್ನಾಗಿದ್ದರೆ ಆಯಿತು.

ಕೊಳ್ಳುವ ಮುಂಚೆ ಚರ್ಮವನ್ನು ನುಣುಪು ಮೈ ಒಳಗೆ ಬರುವಂತೆ ಬಗ್ಗಿಸಿ ನೋಡಿ. ಸಣ್ಣ ಗೆರೆಗಳು ಬಂದು ಬಿಟ್ಟಾಗ ಮಾಯವಾದರೆ ಸರಿ. ಮೇಲ್ಪದರ ಸಡಿಲ ಬಟ್ಟೆಯಂತೆ ಎದ್ದು ದೊಡ್ಡ ನೆರಿಗೆಯಾದರೆ ಅದು ಹೊಟ್ಟೆಯ ಕಡೆಯದು, ಎಷ್ಟೇ ದಪ್ಪವಿದ್ದರೂ ಬಿಟ್ಟುಬಿಡಿ.

ಕೊಲ್ಹಾಪುರಿ ಚಪ್ಪಲಿಯ ಅಟ್ಟೆ ಚರ್ಮದಲ್ಲಿ ಬೆಲ್ಟು ಮಾಡಬಹುದೇ?

ಹೋಲ್‌ಸ್ಟರಿಗೆ, ಕತ್ತಿಯ ಒರೆಗೆ ಹೌದು, ಬೆಲ್ಟಿಗೆ ಯೋಚಿಸಿ. ಕೊಲ್ಹಾಪುರಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಮಾನ್ಯತೆಯಲ್ಲಿ (ಜಿಐ ಟ್ಯಾಗ್) ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರದ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ. ಅಥಣಿ, ನಿಪ್ಪಾಣಿ ಕಡೆ ಊರಿರುವವರಿಗೆ ಈ ಚರ್ಮ ತರಿಸಿಕೊಳ್ಳುವುದು ಕಷ್ಟವಲ್ಲ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದ ಇದು ಗಟ್ಟಿ. ಆದರೆ ಕಾಲಡಿಗೆಂದು ಬಡಿದು ಬಿಗಿ ಮಾಡಿದ್ದು, ಎಣ್ಣೆಯಂಶ ಕಡಿಮೆ. ದಿನಾ ಬಗ್ಗುವ ಬೆಲ್ಟಿನ ತೂತಿನ ಜಾಗದಲ್ಲಿ ಬಿರುಕು ಬೀಳುತ್ತದೆ. ಮಾಡಲೇಬೇಕೆಂದರೆ 3 ಮಿ.ಮೀ ದಾಟಬೇಡಿ, ಹಿಂಬದಿಯಿಂದ ತೆಳುವಾಗಿ ಎರಡು ಸಲ ಎಣ್ಣೆ ಸವರಿ, ಒಂದು ದಿನ ಬಿಟ್ಟು ಬಗ್ಗಿಸಿ ನೋಡಿ.

ಬೆಲ್ಟಿಗೆ ದಪ್ಪನೆಯ ಒಂದೇ ಪದರವೋ, ತೆಳುವಾದ ಎರಡು ಪದರವೋ?

ಬರೀ ಪ್ಯಾಂಟು ನಿಲ್ಲಿಸುವ ಬೆಲ್ಟಿಗೆ ಒಂದೇ ಪದರ. ಅದು ಸರಳ, ಬಾಳಿಕೆಯೂ ಹೆಚ್ಚು. ಭಾರ ಹೊರುವ ಬೆಲ್ಟಿಗೆ ಎರಡು.

ಕಾರಣ ಬಿಗಿತದ ಲೆಕ್ಕದಲ್ಲಿದೆ. ಪಟ್ಟಿಯ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 3 ಮಿ.ಮೀ ಚರ್ಮಕ್ಕಿಂತ ಅದೇ ಜಾತಿಯ 4 ಮಿ.ಮೀ ಚರ್ಮ 1.33 ಪಟ್ಟಲ್ಲ, ಹೆಚ್ಚುಕಡಿಮೆ 2.4 ಪಟ್ಟು ಬಿಗಿ. ಇದೇ ಲೆಕ್ಕ ಇನ್ನೊಂದು ಕಡೆಯಿಂದ ಹೊಡೆಯುತ್ತದೆ: 2 ಮಿ.ಮೀನ ಎರಡು ಪದರಗಳನ್ನು ಅಂಟಿಸದೆ ಅಂಚಿಗೆ ಮಾತ್ರ ಸಡಿಲವಾಗಿ ಹೊಲಿದರೆ ಅವು ಒಂದರ ಮೇಲೊಂದು ಜಾರುತ್ತವೆ, ಸಿಗುವ ಬಿಗಿತ 4 ಮಿ.ಮೀ ಚರ್ಮದ ಕಾಲು ಭಾಗದ ಹತ್ತಿರ. ಮೈ ಪೂರ್ತಿ ಅಂಟು ಹಚ್ಚಿ ಕೂರಿಸಿದರೆ ಮಾತ್ರ ಎರಡೂ ಒಂದಾಗಿ ಕೆಲಸ ಮಾಡುತ್ತವೆ. ಎರಡು ಪದರದ ಬೆಲ್ಟು ಜೋತುಬಿತ್ತು ಎಂದು ದೂರುವವರು ಚರ್ಮವನ್ನು ಬಯ್ಯುವ ಮುಂಚೆ ಅಂಟನ್ನು ನೋಡಬೇಕು.

ಮಾಡುವ ಬಗೆ: 2.4ರಿಂದ 2.8ರ ಎರಡು ಪಟ್ಟಿ. ಎರಡರ ಒರಟು ಮೈಗೂ ರಬ್ಬರ್ ಸಲ್ಯೂಷನ್ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟಿಯೂ ಎಳೆ ಬಾರದ ಹದಕ್ಕೆ ಬರುವವರೆಗೆ 10–15 ನಿಮಿಷ ಬಿಡಿ. ಮಳೆಗಾಲದಲ್ಲಿ ಇನ್ನೂ ಹೆಚ್ಚು ಬೇಕಾದೀತು. ಕೂಡಿಸುವಾಗ ಮೇಜಿನ ಮೇಲೆ ಚಪ್ಪಟೆಯಾಗಿ ಕೂಡಿಸಬೇಡಿ. ಸೊಂಟಕ್ಕೆ ಸುತ್ತಿದಾಗ ಒಳಪದರಕ್ಕಿಂತ ಹೊರಪದರ ದೂರದ ಸುತ್ತು ಹೋಗಬೇಕು. 2.5ರ ಎರಡು ಪದರಗಳಾದರೆ ಈ ಅಂತರ ಒಂದು ಪೂರ್ತಿ ಸುತ್ತಿಗೆ ಸುಮಾರು 16 ಮಿ.ಮೀ. ಚಪ್ಪಟೆಯಾಗಿ ಅಂಟಿಸಿದ ಬೆಲ್ಟಿನ ಒಳಮೈ ಕಟ್ಟಿದ ಕೂಡಲೇ ನೆರಿಗೆ ನೆರಿಗೆಯಾಗುವುದು ಇದಕ್ಕೇ. ದೊಡ್ಡ ಸ್ಟೀಲ್ ಡಬ್ಬಿಗೋ ಬಕೆಟ್ಟಿಗೋ ಒಳಪದರ ಸುತ್ತಿ ಹಿಡಿದು, ಹೊರಪದರವನ್ನು ಅದರ ಮೇಲೆ ಇಷ್ಟಿಷ್ಟೇ ಒತ್ತುತ್ತ ಹೋಗಿ. ಹೊರಪದರವನ್ನು 3 ಸೆಂ.ಮೀ ಉದ್ದ ಇಟ್ಟುಕೊಂಡಿದ್ದರೆ ಕೊನೆಯಲ್ಲಿ ಎರಡನ್ನೂ ಸೇರಿಸಿ ಸಮ ಮಾಡಬಹುದು.

6 ಮಿ.ಮೀ ದಾಟಿಸಬೇಡಿ. ಬಕಲಿನೊಳಗೆ ತೂರುವುದಿಲ್ಲ, ಪ್ಯಾಂಟಿನ ಲೂಪು ಹರಿಯುತ್ತದೆ.

ಬಕಲಿನ ಮಡಿಕೆಯಲ್ಲಿ ಬಿರುಕು ಬರುತ್ತದೆ. ಚರ್ಮ ಕಳಪೆಯೇ?

ಚರ್ಮದ ತಪ್ಪಲ್ಲ, ರಂಪಿಗೆಯಿಂದ (ಚರ್ಮ ಕೆರೆದು ತೆಳು ಮಾಡುವ ಕತ್ತಿ) ಕೆರೆದದ್ದು ಸಾಲದ್ದು. 4 ಮಿ.ಮೀ ಚರ್ಮವನ್ನು 4 ಮಿ.ಮೀ ದಪ್ಪದ ಬಕಲ್ ಕಡ್ಡಿಗೆ ಸುತ್ತಿದರೆ, ಲೆಕ್ಕಕ್ಕೆ ಹೊರಮೈ ಶೇ. 50ರಷ್ಟು ಹಿಗ್ಗಬೇಕು. ಅಲ್ಲಿ 2 ಮಿ.ಮೀಗೆ ಇಳಿಸಿದರೆ ಮೂರನೇ ಒಂದರಷ್ಟು. ಒಣಗಿದ ಚರ್ಮಕ್ಕೆ ಅದೂ ಹೆಚ್ಚೇ, ಆದ್ದರಿಂದ ಮಡಿಸುವ ಮುಂಚೆ ನೀರು ಸವರಲೇಬೇಕು.

ತುದಿಯಿಂದ 70 ಮಿ.ಮೀಗೆ ಮಡಿಕೆಯ ಗೆರೆ ಹಾಕಿ. ಆ ಗೆರೆ ನಡುವೆ ಬರುವಂತೆ 25 ಮಿ.ಮೀ ಉದ್ದ, 5 ಅಗಲದ ಸೀಳು, ಬಕಲಿನ ಮುಳ್ಳಿಗಾಗಿ. ಸೀಳಿನ ಎರಡು ತುದಿಯೂ ದುಂಡು ಪಂಚಿನಲ್ಲಿ ಹೊಡೆದಿರಬೇಕು, ಚೌಕ ಮೂಲೆ ಬಿಟ್ಟರೆ ಅಲ್ಲಿಂದ ಹರಿಯುತ್ತದೆ. ಕೆರೆಯುವುದನ್ನು ಗೆರೆಗಿಂತ 15 ಮಿ.ಮೀ ಆಚೆ, ಬೆಲ್ಟಿನ ಮೈ ಕಡೆಯಿಂದ ಶುರುಮಾಡಿ. ಒರಟು ಮೈಯಿಂದ, ಹರಿತವಾದ ರಂಪಿಗೆಯನ್ನು ಹೆಚ್ಚುಕಡಿಮೆ ಮಲಗಿಸಿ ಹಿಡಿದು, ತೆಳುವಾದ ಸಿಪ್ಪೆ ಏಳುವ ಹಾಗೆ. ಗೆರೆಯ ಹೊತ್ತಿಗೆ 2.2, ತುದಿಯ ಹೊತ್ತಿಗೆ 1.5 ಬಂದರೆ ಸರಿ. ಎಳೆತವನ್ನೆಲ್ಲ ಹೊರುವ ಮಡಿಕೆಯಲ್ಲಿ 2ಕ್ಕಿಂತ ಇಳಿಯಬೇಡಿ. ಸಿಪ್ಪೆಯ ಬದಲು ಪುಡಿ ಉದುರಿದರೆ ಅಲಗು ಮೊಂಡಾಗಿದೆ ಎಂದರ್ಥ, ಕಲ್ಲಿಗೆ ಹಾಕಿ. ಮೊಂಡು ಅಲಗನ್ನು ಒತ್ತಿ ಎಳೆದರೆ ಒಂದೇ ಏಟಿಗೆ ಮಡಿಕೆಯವರೆಗೂ ಕೊರೆದುಹೋಗುತ್ತದೆ.

ಸೇರಿಸುವ ಸ್ಕ್ರೂ, ರಿವೆಟ್ಟಿನ ಉದ್ದವೂ ಇಲ್ಲಿಯ ಒಟ್ಟು ದಪ್ಪಕ್ಕೇ ಬರಬೇಕು: ಮೇಲೆ 4, ಕೆಳಗೆ 2, ಸೇರಿ 6. ಸ್ಕ್ರೂ ಕಾಂಡ 6, ಅಥವಾ ಅರ್ಧ ಮಿ.ಮೀ ಕಡಿಮೆ. 8ರದ್ದು ಹಾಕಿದರೆ ಲೊಡಲೊಡ ಎಂದು ತಿರುಗಿ ತಿರುಗಿ ಕಳಚಿಕೊಳ್ಳುತ್ತದೆ.

ಬೆಲ್ಟಿನ ಬಾಲ ಸಿಕ್ಕಿಸುವ ಲೂಪಿಗೂ ಇದೇ ಲೆಕ್ಕ. 38 ಅಗಲದ, 4 ದಪ್ಪದ ಬೆಲ್ಟಿನಲ್ಲಿ ಲೂಪಿನೊಳಗೆ ಮೈ 4, ಮಡಿಕೆ 2, ಬಾಲ 4, ಒಟ್ಟು 10 ಮಿ.ಮೀ ಹಿಡಿಯಬೇಕು. 2 ಮಿ.ಮೀ ಚರ್ಮದ ಲೂಪಾದರೆ ಸುಮಾರು 105 ಮಿ.ಮೀ ಉದ್ದ ಕತ್ತರಿಸಿ ತುದಿಗೆ ತುದಿ ಹೊಲಿಯಿರಿ. 90ಕ್ಕೆ ಕತ್ತರಿಸಿದವರು ಬಾಲವನ್ನು ಇಕ್ಕಳದಲ್ಲಿ ಎಳೆಯಬೇಕಾಗುತ್ತದೆ.

ದಪ್ಪ ಹೆಚ್ಚಿದರೆ ಬೆಲ್ಟಿನ ಉದ್ದವೂ ಹೆಚ್ಚಿಸಬೇಕೇ?

ಸ್ವಲ್ಪ. 3ರ ಬದಲು 5 ಮಿ.ಮೀ ಮಾಡಿದರೆ ಸುತ್ತಳತೆಗೆ ಸುಮಾರು 6 ಮಿ.ಮೀ ಬೇಕು, ತೂತುಗಳ ನಡುವೆ 25 ಮಿ.ಮೀ ಬಿಡುವುದರಿಂದ ಅದು ಗೊತ್ತೇ ಆಗುವುದಿಲ್ಲ. ಪ್ಯಾಂಟಿನೊಳಗೆ ಹೋಲ್‌ಸ್ಟರ್ ಸಿಕ್ಕಿಸುವವರ ಮಾತು ಬೇರೆ: 40ರಿಂದ 50 ಮಿ.ಮೀ, ಅಂದರೆ ಎರಡು ತೂತು. ಅಳತೆಯನ್ನು ಪ್ಯಾಂಟಿನ ಸೈಜಿನಿಂದ ತೆಗೆಯಬೇಡಿ. ಈಗ ಕಟ್ಟುತ್ತಿರುವ ಬೆಲ್ಟಿನಲ್ಲಿ ಮಡಿಕೆಯಿಂದ ಸವೆದ ತೂತಿನವರೆಗೆ ಅಳೆಯಿರಿ. ಅದಕ್ಕೆ ಮಡಿಕೆಗೆ 7 ಸೆಂ.ಮೀ, ಬಾಲಕ್ಕೆ 17 ಸೆಂ.ಮೀ ಸೇರಿಸಿ.

ಹೋಲ್‌ಸ್ಟರಿಗೆ 5 ಮಿ.ಮೀ ಹಾಕಿದರೆ ಇನ್ನೂ ಗಟ್ಟಿಯಲ್ಲವೇ?

ಗಟ್ಟಿ ಹೌದು, ಹಿಡಿತ ಇಲ್ಲ. ಹೋಲ್‌ಸ್ಟರು ಆಯುಧವನ್ನು ಹಿಡಿಯುವುದು ಟ್ರಿಗರ್ ಗಾರ್ಡಿನ (ಟ್ರಿಗರನ್ನು ಸುತ್ತುವರಿದ ಬಳೆ) ಸುತ್ತ, ರಿವಾಲ್ವರಿನಲ್ಲಾದರೆ ಗುಂಡು ತುಂಬುವ ಸಿಲಿಂಡರಿನ ಹಿಂದೆ ಒದ್ದೆ ಚರ್ಮವನ್ನು ಒತ್ತಿ ಕೂರಿಸಿದ ತಗ್ಗುಗಳಿಂದ. 4 ದಾಟಿದ ಚರ್ಮ ಆ ತಗ್ಗುಗಳಿಗೆ ಇಳಿಯುವುದಿಲ್ಲ, ಮೇಲಿಂದ ಸೇತುವೆ ಕಟ್ಟಿಬಿಡುತ್ತದೆ. 2 ಮಿ.ಮೀ ಚರ್ಮ ಚೆನ್ನಾಗಿ ಇಳಿಯುತ್ತದೆ, ಆದರೆ ಬೆವರು, ಬಳಕೆಗೆ ಸಿಕ್ಕಿ ಬೇಗ ಸಡಿಲಾಗುತ್ತದೆ. 3.2ರ ಆಸುಪಾಸು ಎರಡಕ್ಕೂ ಹೊಂದುವ ಜಾಗ.

ದಪ್ಪ ಬದಲಿಸಿದರೆ ನಕ್ಷೆಯನ್ನೂ ಬದಲಿಸಬೇಕು, ಇದನ್ನು ಮರೆಯುವವರೇ ಹೆಚ್ಚು. ಹೊಲಿಗೆಯ ಸಾಲು ಆಯುಧದ ಅಂಚಿನಿಂದ ಎಷ್ಟು ದೂರ ಇರಬೇಕೆಂದರೆ, ಆಯುಧದ ದಪ್ಪದ ಅರ್ಧ ಮತ್ತು ಚರ್ಮದ ಒಂದು ಪದರದ ದಪ್ಪ, ಎರಡೂ ಸೇರಿದಷ್ಟು. ಸಿಲಿಂಡರ್ 34 ಮಿ.ಮೀ, ಚರ್ಮ 3.2 ಇದ್ದರೆ 17 ಮತ್ತು 3.2, ಸುಮಾರು 20. ಅದೇ ನಕ್ಷೆಯಲ್ಲಿ 4.2ರ ಚರ್ಮ ಕತ್ತರಿಸಿದರೆ ಎರಡೂ ಬದಿ ಒಂದೊಂದು ಮಿ.ಮೀ ಕಡಿಮೆ ಬಿದ್ದು ಆಯುಧ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ.

ಒದ್ದೆ ಮಾಡಲು ತಣ್ಣೀರು ಸಾಕು. 3.2ರ ಚರ್ಮವನ್ನು ಅರ್ಧ ನಿಮಿಷ ಅದ್ದಿ ತೆಗೆದು, ಮೇಲ್ಮೈಯ ಬಣ್ಣ ಮತ್ತೆ ತಿಳಿಯಾಗಲು ಶುರುವಾಗುವವರೆಗೆ ಬಿಡಿ, ಆಮೇಲೆ ಒತ್ತಿ. ಬೇಗ ಒಣಗಲೆಂದು ಓವನ್ನಿಗೆ, ಗ್ಯಾಸಿನ ಹತ್ತಿರಕ್ಕೆ ಒಯ್ಯಬೇಡಿ. ಒದ್ದೆ ವೆಜ್ ಟ್ಯಾನ್ 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡುವ ಅಪಾಯ ಶುರು, 70 ದಾಟಿದರೆ ಕುಗ್ಗಿ ಕೊರಡಾಗಬಹುದು, ಅದನ್ನು ಸರಿಪಡಿಸುವ ದಾರಿಯಿಲ್ಲ.

ಸುರಕ್ಷತೆಗೂ ದಪ್ಪಕ್ಕೂ ಸಂಬಂಧವಿದೆಯೇ?

ಇದೆ, ಅದೂ ಬಾಯಿಯ ದಪ್ಪಕ್ಕೆ. ಆಯುಧ ತೆಗೆದ ಮೇಲೂ ಹೋಲ್‌ಸ್ಟರಿನ ಬಾಯಿ ತೆರೆದೇ ನಿಲ್ಲಬೇಕು. ಮೆತ್ತಗಾಗಿ ಒಳಕ್ಕೆ ಮಡಿಸಿಕೊಂಡ ಬಾಯಿಯ ಅಂಚು ವಾಪಸು ಸೇರಿಸುವಾಗ ಟ್ರಿಗರಿಗೆ ಸಿಕ್ಕಿ ಗುಂಡು ಹಾರಬಹುದು. ಅದಕ್ಕೇ ತೆಳು ಚರ್ಮದವಕ್ಕೆ ಬಾಯಿಯ ಸುತ್ತ 20–25 ಮಿ.ಮೀ ಅಗಲದ ಇನ್ನೊಂದು ಪದರ ಅಂಟಿಸಿ ಹೊಲಿಯುವುದು. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಿರಬೇಕು. ಹಳೆಯ ಹೋಲ್‌ಸ್ಟರಿನ ಬಾಯಿ ಬೆರಳಲ್ಲಿ ಒತ್ತಿದರೆ ಮುಚ್ಚಿಕೊಳ್ಳುವಷ್ಟು ಮೆತ್ತಗಾಗಿದ್ದರೆ ಬಿಸಾಡಿ, ರಿಪೇರಿ ಬೇಡ.

ಗಿರಾಕಿಯ ಆಯುಧವನ್ನು ಅಚ್ಚಿಗೆಂದು ಇಟ್ಟುಕೊಳ್ಳಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದವರ ಬಳಿ ಅದು ಇರುವುದೇ ಅಪರಾಧ. ಲೈಸೆನ್ಸುದಾರರೇ ಗುಂಡು ತೆಗೆದು, ಖಾಲಿ ಇರುವುದನ್ನು ತೋರಿಸಿದ ಮೇಲೆ ಅವರ ಎದುರೇ ಕ್ಯಾಲಿಪರಿನಲ್ಲಿ ಅಳತೆ, ಕಾಗದದಲ್ಲಿ ರೂಪರೇಖೆ ತೆಗೆದುಕೊಳ್ಳಿ. ಅದರಂತೆ ಮರದ ಅಚ್ಚು ಕೆತ್ತಿಸಿ. ಒದ್ದೆ ಚರ್ಮದೊಳಗೆ ಉಕ್ಕು ಕೂರಿಸುವುದು ಆಯುಧಕ್ಕೂ ಒಳ್ಳೆಯದಲ್ಲ, ತುಕ್ಕು ಹಿಡಿಯುತ್ತದೆ.

ಸೀರಿಯಲ್ ಶೂಟಿಂಗಿಗೆ ಡಮ್ಮಿ ಪಿಸ್ತೂಲಿನ ಹೋಲ್‌ಸ್ಟರು ಬೇಕು. ಅಷ್ಟೇ ದಪ್ಪ ಬೇಕೇ?

ಬೇಡ. ರಬ್ಬರ್, ಫೈಬರ್ ಡಮ್ಮಿ ಹಗುರ. 2.4 ಸಾಕು, ದೂರದ ಶಾಟಿಗೆ ಕ್ರೋಮ್ ಆದರೂ ನಡೆಯುತ್ತದೆ. ಬೆಲ್ಟು ಮಾತ್ರ ದಪ್ಪವಿರಲಿ, ಜೋತುಬಿದ್ದರೆ ಕ್ಯಾಮೆರಾದಲ್ಲಿ ಕಾಣುತ್ತದೆ.

ಇಲೆಕ್ಟ್ರಿಷಿಯನ್ನರ ಇಕ್ಕಳ, ಟೆಸ್ಟರ್ ಇಡುವ ಚೀಲಕ್ಕೆ? ಕೊಯ್ತಾದ ಒರೆಗೆ?

ಇಕ್ಕಳಕ್ಕೆ 2.8ರಿಂದ 3.2. ಇಕ್ಕಳದ ಮೂತಿ ಬಂದು ಕುಟ್ಟುವ ತಳಕ್ಕೆ ಎರಡು ಪದರ.

ಗೋವಾ ಕಡೆ ತೆಂಗಿನ ಕೆಲಸದವರ ಕೊಯ್ತಾದಂಥ ಅಲಗಿಗೆ 3.2ರ ಎರಡು ಬದಿ, ನಡುವೆ ಅಂಚಿನುದ್ದಕ್ಕೂ ಅಡೆಪಟ್ಟಿ ಕಡ್ಡಾಯ. ಅಡೆಪಟ್ಟಿ ಅಲಗಿನ ಬೆನ್ನಿನಷ್ಟಾದರೂ ದಪ್ಪ ಇರಬೇಕು, 6 ಮಿ.ಮೀ ಬೆನ್ನಿಗೆ 3.2ರ ಎರಡು ಪಟ್ಟಿ. ಅದಿಲ್ಲದಿದ್ದರೆ ಅಲಗಿನ ಬಾಯಿ ನೇರ ಹೊಲಿಗೆಯ ಮೇಲೆ ಕೂತು ದಾರ ಕತ್ತರಿಸುತ್ತದೆ, ಒರೆ ಹಿಡಿದ ಕೈಗೂ ತಾಗುತ್ತದೆ.

ದಾರ ಅರ್ಧದಲ್ಲೇ ಮುಗಿಯುತ್ತದೆ. ಎಷ್ಟು ತೆಗೆದುಕೊಳ್ಳಬೇಕು?

"ನಾಲ್ಕು ಪಟ್ಟು" ಎಂಬ ಮಾತು ತೆಳು ಚರ್ಮಕ್ಕೆ ಮಾತ್ರ. ಎರಡು ಸೂಜಿಯ ಹೊಲಿಗೆಯಲ್ಲಿ ಪ್ರತಿ ಟಾಕಿಗೂ ಎರಡು ಎಳೆ, ಪ್ರತಿಯೊಂದೂ ಟಾಕಿನ ಉದ್ದ ಮತ್ತು ಒಟ್ಟು ದಪ್ಪದಷ್ಟು ಓಡುತ್ತದೆ. 5 ಮಿ.ಮೀ ಬೆಲ್ಟಿಗೆ 4 ಮಿ.ಮೀ ಟಾಕು ಹಾಕಿದರೆ ಒಂದು ಟಾಕಿಗೆ 18 ಮಿ.ಮೀ ದಾರ, ಅಂದರೆ ಹೊಲಿಗೆಯ ಉದ್ದದ ನಾಲ್ಕೂವರೆ ಪಟ್ಟು. ಹೋಲ್‌ಸ್ಟರಿನಲ್ಲಿ 3.2ರ ಎರಡು ಬದಿ, ನಡುವೆ 3ರ ಅಡೆಪಟ್ಟಿ, ಒಟ್ಟು 9.4 ಆದರೆ ಟಾಕಿಗೆ ಸುಮಾರು 27 ಮಿ.ಮೀ, ಏಳು ಪಟ್ಟಿನ ಹತ್ತಿರ. ಇದರ ಮೇಲೆ ಸೂಜಿ ಹಿಡಿಯಲು ಎರಡೂ ಕಡೆ ಒಂದೊಂದು ಗೇಣು. ಮೇಣ ಸವರಿದ 0.8ರಿಂದ 1 ಮಿ.ಮೀ ದಾರ ಇವೆರಡಕ್ಕೂ ಹೊಂದುತ್ತದೆ. 9 ಮಿ.ಮೀ ದಪ್ಪಕ್ಕೆ, ಸಾಲಾಗಿ ತೂತು ಹೊಡೆಯುವ ಫೋರ್ಕಿನ ಹಲ್ಲು ಆಚೆ ಬದಿ ತಲುಪುವುದಿಲ್ಲ. ಮೇಲಿಂದ ಗುರುತು ಮಾಡಿ, ಆರೆಯಿಂದ (ಚರ್ಮ ಚುಚ್ಚುವ ದಬ್ಬಳ) ಒಂದೊಂದೇ ತೂತು ನೇರವಾಗಿ ಚುಚ್ಚಿ.

ಟಿಚ್ ಬಟನ್ ಎರಡು ದಿನಕ್ಕೆ ಕಿತ್ತು ಬರುತ್ತದೆ.

ಸಾಮಾನ್ಯ ಬಟನ್ನಿನ ಕಾಂಡ 2ರಿಂದ 3 ಮಿ.ಮೀ ದಪ್ಪಕ್ಕೆ ಮಾಡಿದ್ದು. 3.2ರ ಚರ್ಮ ದಾಟಿದ ಮೇಲೆ ಮಡಚಿಕೊಳ್ಳಲು ಕಾಂಡವೇ ಉಳಿಯುವುದಿಲ್ಲ. ಬಟನ್ ಕೂರುವಲ್ಲಿ ಒರಟು ಮೈಯಿಂದ 2ಕ್ಕೆ ಕೆರೆಯಿರಿ, ಇಲ್ಲವೇ ಉದ್ದ ಕಾಂಡದ್ದು ಕೇಳಿ ತನ್ನಿ. ಕಬ್ಬಿಣದ್ದು ಬೇಡ, ಮುಂಬೈ, ಗೋವಾದ ಉಪ್ಪುಗಾಳಿಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್.

ದಪ್ಪ ಚರ್ಮವನ್ನು ತೆಳು ಮಾಡಿಸಬಹುದೇ?

ಸ್ಪ್ಲಿಟಿಂಗ್ ಮಷೀನಿರುವ ಕಾರ್ಖಾನೆಗಳಲ್ಲಿ ಮಾಡಿಕೊಡುತ್ತಾರೆ. 5ರಿಂದ 3.5ಕ್ಕೆ ಇಳಿಸಿದರೆ ತೊಂದರೆಯಿಲ್ಲ. 5ರಿಂದ 1.5ಕ್ಕೆ ಇಳಿಸಬೇಡಿ. ಚರ್ಮದ ಶಕ್ತಿ ನುಣುಪು ಮೈಯಲ್ಲಿಲ್ಲ, ಅದರ ಕೆಳಗಿನ ನಾರಿನ ಪದರದಲ್ಲಿದೆ, ಅದನ್ನೇ ಕತ್ತರಿಸಿ ತೆಗೆದಂತಾಗುತ್ತದೆ. ಹಾಗೆ ತೆಗೆದ ಕೆಳಪದರಕ್ಕೆ ಬಣ್ಣ, ಪ್ಲಾಸ್ಟಿಕ್ ಮೈ ಕೊಟ್ಟು ಬೆಲ್ಟೆಂದು ಮಾರುವುದೂ ಉಂಟು. ಅಂಥದ್ದು ತೂತಿನಲ್ಲಿ ಎಳೆಯುತ್ತ ಎಳೆಯುತ್ತ ಮೊಟ್ಟೆಯಾಕಾರಕ್ಕೆ ಬರುತ್ತದೆ.

ಮಳೆಗಾಲದಲ್ಲಿ ಏನು ಎಚ್ಚರ?

ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಬೈ, ಗೋವಾದಲ್ಲಿ ವೆಜ್ ಟ್ಯಾನ್ ಗಾಳಿಯ ತೇವ ಹೀರಿ ಮೆತ್ತಗಿರುತ್ತದೆ. ಆಗ ಬಗ್ಗಿಸಿ ನೋಡಿ "ಇದು ತೆಳುವಾಯಿತು" ಎಂದು ಇನ್ನೂ ದಪ್ಪದ್ದು ಕೊಂಡು ತಂದರೆ ನವೆಂಬರಿನಲ್ಲಿ ಹಲಗೆಯಂತಾಗುತ್ತದೆ. ಕೈಯಂದಾಜು ಬಿಟ್ಟು ಗೇಜ್ ನಂಬಿ. ಪುಣೆಯ ಚಳಿಗಾಲದಲ್ಲಿ ಒಂದು ದಿನಕ್ಕೆ ಒಣಗುವ ಹೋಲ್‌ಸ್ಟರು ಇಲ್ಲಿ ಜುಲೈನಲ್ಲಿ ಮೂರು ದಿನ ಬೇಡುತ್ತದೆ. ಫ್ಯಾನಿನಡಿ ಬಿಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಬೂಷ್ಟು ಬರುತ್ತದೆ.

ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಿದರೆ ಒಗರಿನ ಜೊತೆ ಸೇರಿ ನೀಲಿಗಪ್ಪು ಕಲೆ ಕೂರುತ್ತದೆ. ಕ್ಲಿಪ್ಪು, ಮೊಳೆ, ಮೇಜಿನ ತಗಡು, ಯಾವುದಾದರೂ ಸರಿ. ಕಲೆ ಹಸಿ ಇರುವಾಗಲೇ ನಿಂಬೆರಸ ಸವರಿ ನೀರಿನಲ್ಲಿ ಒರೆಸಿದರೆ ಬಹುಮಟ್ಟಿಗೆ ಹೋಗುತ್ತದೆ.

ಎಣ್ಣೆ ಹಚ್ಚಿದರೆ ಬಾಳಿಕೆ ಬರುತ್ತದಲ್ಲವೇ?

ಬೆಲ್ಟಿಗೆ ಹೌದು, ವರ್ಷಕ್ಕೆ ಒಂದೆರಡು ಸಲ, ತೆಳುವಾಗಿ. ಹೋಲ್‌ಸ್ಟರಿಗೆ ಎಣ್ಣೆ ಕುಡಿಸಬೇಡಿ. 3.6ರ ಚರ್ಮವೂ ಎಣ್ಣೆ ಕುಡಿದರೆ 2.4ರಂತೆ ಬಳುಕುತ್ತದೆ, ಒತ್ತಿ ಕೂರಿಸಿದ ಆಕಾರ ಕರಗುತ್ತದೆ. ಹೊರಮೈಗೆ ಜೇನುಮೇಣ ಸವರಿ ಬಟ್ಟೆಯಲ್ಲಿ ಉಜ್ಜಿದರೆ ಸಾಕು. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಬಳಸುವವರಿಗೆ: ಅದು ಕೆಲವು ತಿಂಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ, ಪುಣೆಯ ಚಳಿಗೆ ಹೊಲಿಗೆಯ ತೂತುಗಳಲ್ಲಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ.